ಮೇಡಮ್ಮನ ಕೆಲಸ

"ಏಯ್ ಗಾಲಿ, ಮತ್ತೆ ನೀರು ಕುಡಿದ್ಯಾ? ನಿನ್ನ ಎತ್ಕೊಂಡು ಹೋಗೋಕೆ ಇಲ್ಲೇನು ನಿನ್ನ ಗಂಡ ಕೂತಿದಾನಾ?"

ಮೇಡಮ್ಮ ಕುರ್ಚಿ ಬಿಟ್ಟು ಏಳದೆಯೇ ಕೂಗಿದಳು. ಏಳುವ ಹಾಗೂ ಇರಲಿಲ್ಲ. ಕಾಲುಗುರಿಗೆ ಆಗಷ್ಟೇ ಬಣ್ಣ ಬಳಿದುಕೊಂಡಿದ್ದಳು. ಒಣಗುವ ತನಕ ಎರಡೂ ಪಾದಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದಳು.

"ಒಂದೇ ಲೋಟ ಮೇಡಮ್ಮಾ," ಎಂದಳು ಗಾಲಿ, ದಿಂಬಿನ ಕವರು ಮಡಚುವ ಕೈ ನಿಲ್ಲಿಸದೆ. "ಕುಡೀಲೇಬೇಕು ಅಂತ ಡಾಕ್ಟ್ರು ಬೈದು ಕಳ್ಸಿದಾರೆ."

"ಓಹೋ! ಹಂಗಾದ್ರೆ ಆ ಡಾಕ್ಟ್ರಿಗೇ ಹೇಳು, ಬಂದು ಎತ್ತಲಿ. ಕುಡಿಯೋವಾಗ ಒಬ್ಬಳೇ ಕುಡೀತೀಯ, ಉಯ್ಯೋವಾಗ ಮಾತ್ರ ನಾಲ್ಕು ಜನ ಬೇಕು, ದರಿದ್ರದೋಳಿಗೆ."

ಅದು ಹೋಟೆಲು, ಆಸ್ಪತ್ರೆಗಳ ಬಟ್ಟೆ ಒಗೆಯುವ ಶೆಡ್ಡು. ಒಂದು ಬದಿಯಲ್ಲಿ ಒಗೆಯುವ ಯಂತ್ರಗಳು ಹೊಟ್ಟೆ ತಿರುಗಿಸಿಕೊಂಡು ಗುಡುಗುಡು ಎನ್ನುತ್ತಿದ್ದವು. ಇನ್ನೊಂದು ಬದಿಯಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಮಾಡುವ ಉದ್ದನೆಯ ಉರುಳೆ. ನಡುವೆ ಹಬೆ. ನೆಲದ ಮೇಲೆ, ಗೋಡೆಯ ಮೇಲೆ, ಛಾವಣಿಯಿಂದ ತೊಟ್ಟಿಕ್ಕುವ ಹನಿಯಲ್ಲಿ, ಎಲ್ಲಿ ನೋಡಿದರೂ ನೀರು. ಆ ನೀರಿನ ನಟ್ಟನಡುವೆ, ನಿಂತು ಕೆಲಸ ಮಾಡುವವರ ಎತ್ತರಕ್ಕೆ ಮಾಡಿಸಿದ ಮೇಜಿನ ಮೇಲೆ, ಗಾಲಿ ಬೆಳಗಿನಿಂದ ಸಂಜೆಯವರೆಗೆ ನಾಲಿಗೆ ಒಣಗಿಸಿಕೊಂಡು ಕೂತಿರುತ್ತಿದ್ದಳು.

ಅವಳ ಸೊಂಟದ ಕೆಳಗಿನ ಭಾಗ ಚಿಕ್ಕಂದಿನಿಂದಲೂ ಅವಳ ಮಾತು ಕೇಳಿದ್ದಲ್ಲ. ನೆಲದ ಮೇಲಾದರೆ ನಾಲ್ಕು ಗಾಲಿಯ ಹಲಗೆಯೊಂದರ ಮೇಲೆ ಕೂತು, ಕೈಯಿಂದ ನೂಕಿಕೊಂಡು ಬಾಣದ ಹಾಗೆ ಹೋಗುತ್ತಿದ್ದಳು. ಹೆಸರು ಬಂದದ್ದೂ ಅದರಿಂದಲೇ. ಆದರೆ ಮೇಜಿನ ಮೇಲೆ ಹಲಗೆಗೇನು ಕೆಲಸ? ಬೆಳಿಗ್ಗೆ ಅತ್ತಿಗೆ ಎತ್ತಿ ಕೂರಿಸಿ ಹೋದರೆ ಸಂಜೆ ಬಂದು ಇಳಿಸಬೇಕು. ನಡುವೆ ದೇಹಕ್ಕೆ ಏನಾದರೂ ಅನ್ನಿಸಿದರೆ ಅದು ದೇಹದ ತಪ್ಪು.

ಆ ಶೆಡ್ಡಿನಲ್ಲಿ ಕೆಲಸಕ್ಕಿದ್ದವರಿಗೆಲ್ಲ ದೇವರು ಏನಾದರೊಂದು ಬಾಕಿ ಉಳಿಸಿಕೊಂಡಿದ್ದ. ಉರುಳೆಗೆ ಬಟ್ಟೆ ಕೊಡುತ್ತಿದ್ದ ಹಾಡು ಮಾವನಿಗೆ ಕಣ್ಣಿರಲಿಲ್ಲ. ದಿನವಿಡೀ ಏನಾದರೊಂದು ಗುನುಗುತ್ತಿದ್ದ. ಗಾಡಿ ತಳ್ಳುವ ಹುಡುಗಿಗೆ ಕಿವಿ ಕೇಳುತ್ತಿರಲಿಲ್ಲ. ತಾನು ಎಷ್ಟು ಸದ್ದು ಮಾಡುತ್ತೇನೆಂಬುದೇ ಅವಳಿಗೆ ಗೊತ್ತಿಲ್ಲದ್ದರಿಂದ ಬಕೆಟ್ಟು, ಬಾಗಿಲು, ತಗಡು ಎಲ್ಲವನ್ನೂ ಎತ್ತಿ ಎತ್ತಿ ಕುಕ್ಕುತ್ತಿದ್ದಳು. ಅವಳ ಹೆಸರು ಗಲಾಟೆ. ಯಂತ್ರಗಳಿಗೆ ಬಟ್ಟೆ ತುಂಬುವವರು ಊರುಗೋಲಿನ ಮೇಲೆ ಓಡಾಡುತ್ತಿದ್ದರು. ಇಂಥವರನ್ನೇ ಹುಡುಕಿ ಹುಡುಕಿ ಕೆಲಸ ಕೊಟ್ಟ ಯಜಮಾನನನ್ನು ಬೀದಿಯವರೆಲ್ಲ ಧರ್ಮಾತ್ಮ ಎನ್ನುತ್ತಿದ್ದರು. ಇವರೂ ಹಾಗೆಯೇ ನಂಬಿದ್ದರು.

ಮೇಡಮ್ಮ ಯಜಮಾನನ ಹೆಂಡತಿಯ ತಂಗಿ. ಫ್ಯಾನಿನ ಕೆಳಗೆ ಅವಳಿಗೊಂದು ಕುರ್ಚಿ. ಬರುವುದು, ಕೂರುವುದು, ಉಗುರು ನೋಡಿಕೊಳ್ಳುವುದು, ಯಾರಾದರೂ ತಲೆ ಎತ್ತಿದರೆ ಬೈಯುವುದು. ತಮ್ಮನ್ನು ಕಾಯಲು ಇಟ್ಟಿರುವ ಮೇಸ್ತ್ರಿಣಿ ಎಂದು ಎಲ್ಲರೂ ತಿಳಿದಿದ್ದರು. ಹಾಡು ಮಾವ ದಿನಾ ತಡಕಾಡಿಕೊಂಡು ಹೋಗಿ ಅವಳಿಗೆ ಟೀ ತಂದುಕೊಡುತ್ತಿದ್ದ. ಸೆಖೆ ಜಾಸ್ತಿಯಾದ ದಿನ ಗಲಾಟೆ ಅವಳ ಕಾಲು ಒತ್ತುತ್ತಿದ್ದಳು. ಗಾಲಿಯಂತೂ ಹರಿದ ಹಾಸಿಗೆ ಬಟ್ಟೆಯ ಚೂರುಗಳನ್ನು ಸೇರಿಸಿ ಅವಳ ಕುರ್ಚಿಗೊಂದು ಮೆತ್ತೆ ಹೊಲಿದು ಕೊಟ್ಟಿದ್ದಳು, ಅದೂ ಅಂಚಿಗೆ ಹೂವು ಬಿಡಿಸಿ.

ಗಾಲಿಯ ಕೈಸನ್ನೆ ಕಂಡು ಗಲಾಟೆ ಮೇಜಿನ ಬಳಿ ಬಂದು ಬೆನ್ನು ತಿರುಗಿಸಿ ಬಗ್ಗಿದಳು. ಗಾಲಿ ಅವಳ ಕೊರಳು ಬಳಸಿ ಜಾರಿದಳು. ಕಕ್ಕಸು ಇದ್ದದ್ದು ಹಿತ್ತಿಲಿನಲ್ಲಿ, ಕೊಳಚೆ ಕಾಲುವೆಯ ಆಚೆ, ಮೆಟ್ಟಿಲು ಹತ್ತಿದ ಮೇಲೆ. ಒಳಗೆ ಇಬ್ಬರು ಹಿಡಿಸುವುದಿಲ್ಲವಾದ್ದರಿಂದ ಬಾಗಿಲು ತೆರೆದೇ ಇರಬೇಕು, ಗಲಾಟೆ ಅಡ್ಡ ನಿಂತು ಮರೆ ಮಾಡಬೇಕು. ಪಕ್ಕದ ಗೋಡೌನಿನ ಗಂಡಸರು ಅತ್ತ ಬೀಡಿ ಸೇದಲು ಬರುವ ಹೊತ್ತೂ ಅದೇ.

ಹಾಗೆ ನೋಡಿದರೆ ಶೆಡ್ಡಿನ ಒಳಗೇ ಇನ್ನೊಂದು ಬಾಗಿಲಿತ್ತು. ಅಗಲವಾದ ಬಾಗಿಲು, ಮೆಟ್ಟಿಲಿಲ್ಲ. ಅದರ ಮೇಲೆ ನೀಲಿ ಬಣ್ಣದಲ್ಲಿ, ಕುರ್ಚಿಯಲ್ಲಿ ಕೂತ ಮನುಷ್ಯನ ಚಿತ್ರ. ಸದಾ ಬೀಗ. ಕುರ್ಚಿಯಲ್ಲಿ ಕೂರುವವನು ಯಜಮಾನ ತಾನೆ? ಅದು ಯಜಮಾನರ ಕೋಣೆ ಎಂದು ಎಲ್ಲರೂ ಅದರ ಮುಂದೆ ಹಾಯುವಾಗ ಸ್ವಲ್ಪ ದೂರವೇ ಸರಿಯುತ್ತಿದ್ದರು.

ವಾಪಸು ಬರುವಷ್ಟರಲ್ಲಿ ಯಜಮಾನ ಮೇಜಿನ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಏನ್ರೇ, ಉಚ್ಚೆಗೆ ಮೆರವಣಿಗೆ ಹೊರಟಿದ್ರಾ? ಒಬ್ಬಳಿಗೆ ಬಂದ್ರೆ ಇಬ್ಬರು ಕೆಲಸ ಬಿಡೋದು! ಯಾವ ಊರಿನ ನ್ಯಾಯ ಇದು?"

"ಇನ್ಮೇಲೆ ಕುಡಿಯಲ್ಲ ಯಜಮಾನ್ರೇ," ಎಂದಳು ಗಾಲಿ. ಗಲಾಟೆಯ ಬೆನ್ನ ಮೇಲಿಂದ ಹೇಳಿದ ಮಾತಾದ್ದರಿಂದ ಅದಕ್ಕೊಂದು ಗತ್ತೂ ಬರಲಿಲ್ಲ, ವಿನಯವೂ ಬರಲಿಲ್ಲ.

"ನೀನು ಕುಡಿಯೋದಿರಲಿ, ನಾನು ಕೊಟ್ರೆ ತಾನೆ? ಆ ಕೊಡ ತಂದು ಇಲ್ಲಿಡು." ಕುಡಿಯುವ ನೀರಿನ ಕೊಡ ಅಂದಿನಿಂದ ಮೇಡಮ್ಮನ ಕುರ್ಚಿಯ ಕೆಳಗೆ ಹೋಯಿತು. "ಬೇಕಾದೋರು ಇವಳನ್ನ ಕೇಳಿ ಕುಡೀರಿ. ಪಾಪ ಅಂತ ಕೆಲಸ ಕೊಟ್ರೆ ತಲೆ ಮೇಲೆ ಹತ್ತಿ ಕೂರ್ತಾವೆ, ಬೋಳಿಮಕ್ಕಳು."

ಗಲಾಟೆ ಗಾಲಿಯನ್ನು ಇಳಿಸಿ, ಯಜಮಾನನ ಕಡೆ ನಗುತ್ತಾ ತಿರುಗಿ, ಎರಡು ಬೆರಳಿನಿಂದ ಗಲ್ಲದ ಕೆಳಗೆ ಉಜ್ಜಿ ಕೈ ಕೊಡವಿದಳು. ಅವಳ ಭಾಷೆಯಲ್ಲಿ ಅದು ಯಜಮಾನನ ತಾಯಿಯ ಬಗ್ಗೆ ಆಡಿದ ಮಾತು. ಯಜಮಾನ ಅದನ್ನು ನಮಸ್ಕಾರವೆಂದು ತಿಳಿದು ತಲೆಯಾಡಿಸಿ ಹೋದ.

*

ಸಂಜೆ ಅತ್ತಿಗೆ ಬಂದಾಗ ಗಾಲಿಯ ಮೈ ಕೆಂಡವಾಗಿತ್ತು.

"ಮತ್ತೆ ಜ್ವರ ಬಂತಲ್ಲೇ! ಉಚ್ಚೆಗೆ ಹೋದಾಗ ಉರೀನೂ ಇದೆಯಾ?"

"ಇದೆ."

"ಹಾಳಾದೋಳೇ, ನೀರು ಕುಡಿ ಅಂತ ಬಾಯಿ ಬಡ್ಕೊಂಡೆ. ಕೇಳ್ತೀಯಾ?"

ಅತ್ತಿಗೆ ಒಂದು ಊಟದ ಮೆಸ್ಸಿನಲ್ಲಿ ಪಾತ್ರೆ ತೊಳೆಯುವವಳು. ಅಣ್ಣ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಹಾಗಾಗಿ ಆ ಒಂದು ಕೋಣೆಯ ಮನೆಯಲ್ಲಿ ಸಂಸಾರ ಮಾಡುತ್ತಿದ್ದದ್ದು ನಿಜವಾಗಿ ಅತ್ತಿಗೆ ನಾದಿನಿಯರೇ. ಜಗಳ, ನಗು, ಒಂದೇ ಕಂಬಳಿ. ಅತ್ತಿಗೆ ಗಾಲಿಯನ್ನು ಎತ್ತುವ ಮೊದಲು ಒಂದು ಸಲ ಉಸಿರು ಹಿಡಿದು, ಸೊಂಟಕ್ಕೆ ಕೈಯಿಟ್ಟುಕೊಂಡು, ಆಮೇಲೆ ಬಗ್ಗುತ್ತಿದ್ದಳು. ಆ ಒಂದು ಉಸಿರು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿರುವುದನ್ನು ಗಾಲಿ ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳಂತೆ ಇರುತ್ತಿದ್ದಳು.

"ಮುಂದಿನ ಸಲ ಹಿಂಗೇ ಬಂದ್ರೆ ಆಸ್ಪತ್ರೆಗೆ ಸೇರಿಸ್ಬೇಕಾಗುತ್ತೆ ಅಂದಿದಾರೆ ಡಾಕ್ಟ್ರು," ಎಂದಳು ಅತ್ತಿಗೆ ಲೋಟ ಮುಂದೆ ಹಿಡಿದು. "ಕಿಡ್ನಿ ಅನ್ನೋ ಒಳಗಿನ ಯಂತ್ರ ನಿಂತುಹೋದ್ರೆ ಹೊಸದು ಹಾಕೋಕೆ ನಿಂದೇನು ಶೆಡ್ಡಾ? ಕುಡಿ."

ಗಾಲಿ ಕುಡಿದಳು. ಮನೆಯಲ್ಲಿ ಕುಡಿಯುವ ನೀರಿಗೆ ರುಚಿ ಇತ್ತು.

ಒಣಗಿರುವುದನ್ನು ಅವಳು ಚಿಕ್ಕಂದಿನಲ್ಲೇ ಕಲಿತದ್ದು. ಯಾರ ಮನೆಗಾದರೂ ಹೋಗುವುದಿದ್ದರೆ ಅಮ್ಮ ಹಿಂದಿನ ದಿನವೇ ನೀರಿನ ಮೇಲೆ ಕಣ್ಣಿಡುತ್ತಿದ್ದಳು. ಮದುವೆ ಮನೆಯಲ್ಲಿ ಎಲ್ಲ ಮಕ್ಕಳೂ ಶರಬತ್ತಿಗೆ ಮುಗಿಬಿದ್ದಾಗ ಅವಳು ಮೂಲೆಯಲ್ಲಿ ಕೂತು "ನಂಗೆ ಬೇಡ" ಎನ್ನುತ್ತಿದ್ದಳು. ಬಂದ ಹೆಂಗಸರೆಲ್ಲ ಗಲ್ಲ ಹಿಡಿದು, "ಎಷ್ಟು ಒಳ್ಳೇ ಮಗು! ಇದೆ ಅನ್ನೋದೇ ಗೊತ್ತಾಗಲ್ಲ" ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನು ಅವಳು ಒಡವೆಯ ಹಾಗೆ ಮೈಮೇಲೆ ಹಾಕಿಕೊಂಡು ಬೆಳೆದಳು. ಇದ್ದೂ ಇಲ್ಲದಂತಿರುವುದು ದೊಡ್ಡ ಗುಣವೆಂದು ನಂಬಿದಳು. ಈಗ ಕಿವಿಯ ಪಕ್ಕ ಒಂದೆರಡು ಬಿಳಿ ಕೂದಲು ಬಂದ ಮೇಲೆ ಅನ್ನಿಸುತ್ತಿತ್ತು: ಆ ಹೆಂಗಸರಲ್ಲಿ ಒಬ್ಬಳಾದರೂ, ಬಾ ಮಗಳೇ ಎತ್ಕೊಂಡು ಹೋಗ್ತೀನಿ, ನೀನೂ ಕುಡಿ ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

"ಅತ್ತಿಗೆ, ನಂಗೊಂದೇ ಆಸೆ."

"ಮದುವೆನಾ?"

"ಥೂ! ಶೆಡ್ಡಿನಲ್ಲಿ ಕೂತು, ಬಾಯಾರಿದಾಗ, ಯಾರನ್ನೂ ಕೇಳದೆ, ಹೊಟ್ಟೆ ತುಂಬ ನೀರು ಕುಡೀಬೇಕು. ಆಮೇಲೆ ಬಾಗಿಲು ಹಾಕ್ಕೊಂಡು ಕೂರ್ಬೇಕು. ಒಬ್ಬಳೇ."

"ರಾಣಿ ಆಸೆ ಕಣೇ ನಿಂದು," ಎಂದು ಅತ್ತಿಗೆ ದೀಪ ಚಿಕ್ಕದು ಮಾಡಿದಳು.

*

ಜ್ವರ ಇಳಿದು ಕೆಲಸಕ್ಕೆ ಬಂದ ದಿನ ಶೆಡ್ಡು ಮದುವೆ ಮನೆಯಾಗಿತ್ತು. ನೆಲ ಉಜ್ಜಿದ್ದರು. ಯಜಮಾನ ಎಲ್ಲರನ್ನೂ ಮೇಜಿನ ಸುತ್ತ ಸೇರಿಸಿದ. ಮೇಡಮ್ಮ ಕುರ್ಚಿಯಿಂದ ಎದ್ದು ನಿಂತಿದ್ದಳು. ಅದೇ ಒಂದು ಆಶ್ಚರ್ಯ. ಅವಳು ಅಷ್ಟು ಗಿಡ್ಡ ಎಂಬುದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

"ನಾಳೆ ಸರ್ಕಾರದ ಕಡೆಯಿಂದ ಒಬ್ರು ಅಧಿಕಾರಿ ಬರ್ತಾರೆ. ಪ್ರಶ್ನೆ ಕೇಳ್ತಾರೆ. ಬಾಯಿಗೆ ಬಂದಂಗೆ ಉತ್ತರ ಕೊಟ್ರೆ ಹಲ್ಲು ಉದುರಿಸ್ತೀನಿ. ಈಗ ನಾನೇ ಅಧಿಕಾರಿ. ಹೇಳಿ. ಇವರ್ಯಾರು?"

ಯಜಮಾನನ ಬೆರಳು ಮೇಡಮ್ಮನ ಕಡೆ ಇತ್ತು.

"ನಮ್ಮ ಮೇಡಮ್ಮ," ಎಂದ ಹಾಡು ಮಾವ.

"ಮೇಡಮ್ಮ ಅಲ್ಲವೋ ಕುರುಡು ನನ್ಮಗನೇ. 'ನಮ್ಮ ಸಹಾಯಕಿ.' ಹೇಳು."

"ನಮ್ಮ... ಸಹಾಯಕಿ."

"ಏನ್ ಮಾಡ್ತಾರೆ? ಗಾಲಿ, ನೀನು ಹೇಳು."

ಗಾಲಿ ಯೋಚಿಸಿದಳು. "ಕೂರ್ತಾರೆ."

ಹಾಡು ಮಾವನಿಗೆ ಕೆಮ್ಮು ಬಂತು. ಯಜಮಾನ ಅವಳ ಮೇಜಿಗೆ ಕೈ ಕುಟ್ಟಿದ. "ತಮಾಷೆ ಮಾಡ್ತೀಯೇನೇ? 'ನಮ್ಮನ್ನ ಎತ್ತಿ ಇಳಿಸ್ತಾರೆ. ಕೇಳಿದಾಗೆಲ್ಲ ನೀರು ಕೊಡ್ತಾರೆ. ಪಾಯಖಾನೆಗೆ ಕರ್ಕೊಂಡು ಹೋಗ್ತಾರೆ.' ಒಪ್ಪಿಸು."

ಗಾಲಿ ಒಪ್ಪಿಸಿದಳು. ಒಂದೊಂದು ಮಾತೂ ಬಾಯಿಂದ ಹೊರಟು ಕಿವಿಗೆ ಬರುವಾಗ ಬೇರೆಯಾಗಿ ಕೇಳುತ್ತಿತ್ತು.

"ಯಾವ ಪಾಯಖಾನೆ ಅಂದ್ರೆ?"

"ಹಿತ್ತಿಲದ್ದು."

"ಅಲ್ಲ! ಅದು." ಯಜಮಾನ ನೀಲಿ ಚಿತ್ರದ ಬಾಗಿಲು ತೋರಿಸಿದ.

"ಅದು ನಿಮ್ಮ ಕೋಣೆಯಲ್ವಾ ಯಜಮಾನ್ರೇ?"

"ನನ್ನ ಕೋಣೆ ಯಾಕಾಗುತ್ತೆ? ಚಿತ್ರ ಕಾಣಲ್ವಾ? ಕಾಲಿಲ್ಲದೋರಿಗೆ ಅಂತ ಸರ್ಕಾರ ಕಟ್ಟಿಸಿಕೊಟ್ಟಿದ್ದು. ಇವಳನ್ನೂ ಸರ್ಕಾರವೇ ಸಂಬಳ ಕೊಟ್ಟು ಇಟ್ಟಿರೋದು, ನಿಮ್ಮಂಥೋರ ಚಾಕರಿಗೆ. ಗೊತ್ತಾಯ್ತಾ? ನಾಳೆ ಒಂದು ದಿನ ಸರಿಯಾಗಿ ಹೇಳಿ, ನಾಡಿದ್ದಿಂದ ನಿಮ್ಮ ಪಾಡಿಗೆ ನೀವು, ನಮ್ಮ ಪಾಡಿಗೆ ನಾವು."

ಯಜಮಾನನಿಗೆ ತಾನು ಏನು ಹೇಳಿದೆನೆಂಬುದು ಹೊಳೆಯಲೇ ಇಲ್ಲ. ಮೇಜಿಗೋ, ಉರುಳೆಗೋ ಹೇಳಿದ ಹಾಗೆ ಹೇಳಿ ಅವನು ಬೀಗ ತೆಗೆಸಿದ. ಒಳಗಿಂದ ಸೋಡಾ ಪುಡಿಯ ಮೂಟೆಗಳು ಒಂದೊಂದಾಗಿ ಹೊರಬಂದವು. ಹೊತ್ತವಳು ಗಲಾಟೆ. ಮೂಟೆಗಳ ಹಿಂದೆ ಬಿಳಿಯ ಕಮೋಡು, ಎರಡೂ ಬದಿಗೆ ಹಿಡಿದುಕೊಳ್ಳಲು ಮಿರುಗುವ ಸರಳು, ಕೂತಲ್ಲಿಂದ ಕೈಗೆ ಎಟುಕುವ ನಲ್ಲಿ. ಹೊಚ್ಚ ಹೊಸದು.

ಗಾಲಿ ಮೇಜಿನ ಮೇಲಿಂದಲೇ ಅದನ್ನು ನೋಡಿದಳು. ಅಳು ಬಂತೆಂದುಕೊಂಡಳು, ನೋಡಿದರೆ ನಗು.

*

"ಅಂದ್ರೆ ಅವಳು ನಿನ್ನ ಕೆಲಸದೋಳು!" ಸಂಜೆ ಅತ್ತಿಗೆ ದಾರಿಯ ನಡುವೆಯೇ ಹಲಗೆ ಎಳೆಯುತ್ತಿದ್ದ ಹಗ್ಗ ಬಿಟ್ಟು ನಿಂತುಬಿಟ್ಟಳು.

"ಹೂಂ."

"ನೀವು ಅವಳಿಗೆ ಟೀ ತಂದ್ಕೊಟ್ರಿ."

"ಹೂಂ."

"ಕಾಲು ಒತ್ತಿದ್ರಿ."

"ನಾನು ಮೆತ್ತೆ ಹೊಲಿದು ಕೊಟ್ಟೆ ಅತ್ತಿಗೆ. ಹೂವು ಬಿಡಿಸಿ!"

ಇಬ್ಬರೂ ನಗತೊಡಗಿದರು. ಅತ್ತಿಗೆ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡಳು. ಹಾದಿಯಲ್ಲಿ ಹೋಗುವವರು ತಿರುಗಿ ನೋಡಿದರು. ನಗು ನಿಂತ ಮೇಲೆ ಅತ್ತಿಗೆ ಅಲ್ಲೇ ಜಗುಲಿಯೊಂದರ ಮೇಲೆ ಕೂತಳು. ಮುಖ ಸೀರಿಯಸ್ಸಾಯಿತು.

"ಅಲ್ಲ ಕಣೇ, ಎತ್ತೋದಕ್ಕೆ ಸಂಬಳ ಕೊಡ್ತಾರಾ?"

"ಕೊಡ್ತಾರಂತೆ."

"ನಾನು ಇಷ್ಟು ವರ್ಷ ಎತ್ತಿದ್ದು ಕೆಲಸ ಅಂತ ನಂಗೇ ಗೊತ್ತಿರಲಿಲ್ಲ ನೋಡು." ಅವಳು ಸೊಂಟವನ್ನು ಹಿಂದಿನಿಂದ ಮೆಲ್ಲಗೆ ಸವರಿಕೊಂಡಳು, ಬೇರೆ ಯಾರದೋ ಸೊಂಟವೇನೋ ಎನ್ನುವ ಹಾಗೆ. "ಹಣೆಬರಹ ಅಂದ್ಕೊಂಡಿದ್ದೆ."

ಅತ್ತಿಗೆಗೆ ಭಾರವಾಗಿದ್ದೇನೆಂಬ ನಾಚಿಕೆಯನ್ನು ಗಾಲಿ ಎಷ್ಟೋ ವರ್ಷ ನುಂಗಿಕೊಂಡು ಬಂದಿದ್ದಳು. ಆ ಭಾರವನ್ನು ಲೆಕ್ಕಕ್ಕೆ ತೆಗೆದುಕೊಂಡವರು ಎಲ್ಲೋ ಇದ್ದರು. ಅದಕ್ಕೊಬ್ಬರು ಬೇಕು, ಒಂದು ಬಾಗಿಲು ಬೇಕು, ಒಂದು ನಲ್ಲಿ ಬೇಕು ಎಂದು ಕೂತು ಯೋಚಿಸಿದ್ದರು. ಅವಳನ್ನು ಕಾಣದ ಯಾರೋ ಯೋಚಿಸಿದ್ದರು, ದಿನಾ ಕಾಣುವವರು ಅದರೊಳಗೆ ಸೋಡಾ ಮೂಟೆ ತುಂಬಿಟ್ಟಿದ್ದರು.

"ನಾಳೆ ಆ ಅಧಿಕಾರಿಗೆ ಎಲ್ಲಾ ಹೇಳ್ಬಿಡು," ಎಂದಳು ಅತ್ತಿಗೆ.

"ಹೇಳಿದ್ರೆ ಯಜಮಾನ ಇಲ್ಲ ಅಂತಾನೆ. ಅವನ ಮಾತು ಕೇಳ್ತಾರೋ ನನ್ನ ಮಾತು ಕೇಳ್ತಾರೋ?"

"ಮತ್ತೆ?"

ಗಾಲಿ ಹಲಗೆಯನ್ನು ಮನೆಯ ಕಡೆ ನೂಕಿಕೊಂಡಳು. ಮರುದಿನ ಬೆಳಿಗ್ಗೆ ಹೊರಡುವ ಮೊದಲು ಅವಳು ಒಂದು ದೊಡ್ಡ ಲೋಟ ನೀರು ಕುಡಿದು, ಲೋಟವನ್ನು ಮತ್ತೆ ಮುಂದೆ ಚಾಚಿದಳು.

"ಇದೇನೇ ಇವತ್ತು?"

"ಇವತ್ತು ನಮ್ಮ ಕೆಲಸದೋಳು ಬರ್ತಾಳಲ್ಲ ಅತ್ತಿಗೆ," ಎಂದಳು.

*

ಅಧಿಕಾರಿ ಹೆಂಗಸು. ಬಟ್ಟೆಗೆ ಸುಕ್ಕಿರಲಿಲ್ಲ, ಮಾತಿಗೂ ಇರಲಿಲ್ಲ. ಮೇಜಿನ ಮುಂದೆ ನಿಂತು ಗಾಲಿಯನ್ನು ಮೇಲಿನಿಂದ ಕೆಳಗೆ ನೋಡಿ ಯಜಮಾನನನ್ನು ಕೇಳಿದಳು: "ಇವರು ಮಾತಾಡ್ತಾರಾ?"

"ಮಾತಾಡ್ತಾಳೆ ಮೇಡಂ. ಪಾಪ, ಕಾಲು ಮಾತ್ರ."

"ಎಷ್ಟು ಚೆನ್ನಾಗಿ ಮಡಚ್ತಾರೆ!" ಅಧಿಕಾರಿ ಗಾಲಿಯ ತಲೆ ಸವರಿದಳು. ಇಬ್ಬರದೂ ಹೆಚ್ಚು ಕಡಿಮೆ ಒಂದೇ ವಯಸ್ಸು. "ನೋಡಮ್ಮಾ, ನಿಮಗೆ ಸಹಾಯಕಿ ಇರಬೇಕು, ಪಾಯಖಾನೆ ಇರಬೇಕು, ಕುಡಿಯೋಕೆ ನೀರು ಸಿಗಬೇಕು. ಇದು ಯಾರೋ ಕೊಡೋ ದಾನ ಅಲ್ಲ, ನಿಮ್ಮ ಹಕ್ಕು. ಗೊತ್ತಾಯ್ತಾ?" ಬಸ್ಸಿನ ಕಂಡಕ್ಟರು ನಿಲ್ದಾಣಗಳ ಹೆಸರು ಕೂಗುವ ರಾಗದಲ್ಲಿ ಹೇಳಿ ಮುಗಿಸಿದಳು. "ಎಲ್ಲಾ ಸಿಗ್ತಿದೆಯಾ?"

ಎಲ್ಲರೂ ಒಬ್ಬೊಬ್ಬರಾಗಿ ಒಪ್ಪಿಸಿದರು. ಗಲಾಟೆಯ ಸರದಿ ಬಂದಾಗ ಅವಳು ಮೇಡಮ್ಮನ ಕಡೆ ತಿರುಗಿ ಮೊದಲು ಗಲ್ಲ ಉಜ್ಜಿ, ಆಮೇಲೆ ಮೊಣಕೈ ಮಡಚಿ, ಕೊನೆಗೆ ಹಿಂಭಾಗ ತಟ್ಟಿಕೊಂಡು ಉದ್ದಕ್ಕೆ ಏನೋ ಹೇಳಿದಳು.

"ಏನಂತಿದಾರೆ?" ಎಂದಳು ಅಧಿಕಾರಿ.

"ಅಮ್ಮನ ಹಂಗೆ ನೋಡ್ಕೊಳ್ತಾರೆ ಅಂತಿದಾಳೆ ಮೇಡಂ," ಎಂದ ಯಜಮಾನ.

"ಪಾಪ," ಎಂದಳು ಅಧಿಕಾರಿ. ಗಾಲಿ ಕೆಳತುಟಿ ಕಚ್ಚಿ ಹಿಡಿದಳು.

ಮೇಡಮ್ಮ ಎದೆಯ ಮೇಲೆ 'ಸಹಾಯಕಿ' ಎಂದು ಬರೆದ ಬಿಲ್ಲೆಯೊಂದನ್ನು ಚುಚ್ಚಿಕೊಂಡು, ಕೈಯಲ್ಲಿ ಹೂಜಿ ಹಿಡಿದು ಬೊಂಬೆಯ ಹಾಗೆ ನಿಂತಿದ್ದಳು. ಗಾಲಿ ಲೋಟ ಎತ್ತಿದಳು.

"ಮೇಡಮ್ಮಾ, ನೀರು."

ಮೇಡಮ್ಮ ಯಜಮಾನನ ಮುಖ ನೋಡಿದಳು. ಯಜಮಾನ ಹಲ್ಲು ಬಿಟ್ಟ. ಮೇಡಮ್ಮ ಹೂಜಿ ಬಗ್ಗಿಸಿದಳು. ಗಾಲಿ ಗಟಗಟನೆ ಕುಡಿದು ಲೋಟ ಮತ್ತೆ ಚಾಚಿದಳು.

"ಇನ್ನೊಂದು."

"ನೋಡಿ ಮೇಡಂ, ಎಷ್ಟು ಬೇಕಾದ್ರೂ ಕುಡೀಬಹುದು ಇಲ್ಲಿ," ಎಂದ ಯಜಮಾನ.

"ಇನ್ನೊಂದು ಮೇಡಮ್ಮಾ."

ಮೇಡಮ್ಮನ ಮುಖದಲ್ಲಿ ನಗು ಹಾಗೇ ಇತ್ತು, ಹಲ್ಲಿನ ಸಂದಿಯಿಂದ ಮಾತ್ರ ಸಣ್ಣ ದನಿ ಬಂತು: "ಸಾಕೇ ಮುಂಡೆ."

"ಇನ್ನೂ ಸ್ವಲ್ಪ."

ಹೂಜಿ ಮುಗಿಯುವಷ್ಟರಲ್ಲಿ ಅಧಿಕಾರಿ ಪಾಯಖಾನೆಯ ಬಾಗಿಲು ತೆರೆದು ಮುಚ್ಚಿ, ಸರಳು ಮುಟ್ಟಿ ನೋಡಿ, ಟೀ ಕುಡಿದು, ಹೊರಡಲು ಬ್ಯಾಗು ಹೆಗಲಿಗೇರಿಸಿದ್ದಳು. ಗಾಲಿ ಕೈಲಿದ್ದ ಕವರು ಪಕ್ಕಕ್ಕಿಟ್ಟಳು. ಹೊಟ್ಟೆ ಬಿಗಿಯುತ್ತಿತ್ತು. ಹುಟ್ಟಿದಾರಭ್ಯ ಪಿಸುಗುಟ್ಟಿ ಹೇಳಿಯೇ ಅಭ್ಯಾಸವಾಗಿದ್ದ ಮಾತನ್ನು ಉರುಳೆಯ ಸದ್ದನ್ನೂ ಮೀರಿಸುವಂತೆ ಹೇಳಿದಳು:

"ಮೇಡಮ್ಮಾ, ನಂಗೆ ಉಚ್ಚೆಗೆ ಹೋಗ್ಬೇಕು. ಬನ್ನಿ, ಎತ್ಕೊಳ್ಳಿ."

ಉರುಳೆಯ ಬಳಿ ಗುನುಗು ನಿಂತಿತು.

"ಆಮೇಲೆ ಹೋದ್ರಾಯ್ತು, ಮೇಡಂ ಹೊರಡ್ತಿದಾರೆ," ಎಂದ ಯಜಮಾನ.

"ತಡ್ಯೋಕಾಗಲ್ಲ ಯಜಮಾನ್ರೇ. ಈ ಹಾಸಿಗೆ ಬಟ್ಟೆಯೆಲ್ಲ ಈಗಷ್ಟೇ ಒಗೆದಿದ್ದು."

ಗಲಾಟೆ ಅಭ್ಯಾಸಬಲದಿಂದ ಬಂದು ಬೆನ್ನು ತಿರುಗಿಸಿದಳು. ಗಾಲಿ ಅವಳ ಹೆಗಲು ತಟ್ಟಿ ಬೇಡವೆಂದು ಕೈ ಮಾಡಿದಳು. ಯಜಮಾನ ತಾನೇ ಅಂಗಿಯ ತೋಳು ಮಡಚಿ ಮುಂದೆ ಬಂದ.

"ಅಯ್ಯೋ, ಗಂಡಸರು ಮುಟ್ಟೋ ಹಾಗಿಲ್ಲ, ನಿಯಮ ಇದೆ," ಎಂದಳು ಅಧಿಕಾರಿ. "ಸಹಾಯಕಿ ಇದಾರಲ್ಲ. ನಾನು ಕಾಯ್ತೀನಿ, ಪರವಾಗಿಲ್ಲ."

ಮೇಡಮ್ಮ ಹೂಜಿ ಕೆಳಗಿಟ್ಟು ಹತ್ತಿರ ಬಂದಳು. ಎಲ್ಲಿ ಹಿಡಿಯಬೇಕೆಂದು ತೋಚದೆ ಮೊದಲು ಕೈ ಹಿಡಿದಳು, ಆಮೇಲೆ ಬಟ್ಟೆ ಹಿಡಿದಳು.

"ಒಂದು ಕೈ ಬೆನ್ನಿಗೆ," ಎಂದಳು ಗಾಲಿ. "ಇನ್ನೊಂದು ಮಂಡಿ ಕೆಳಗೆ. ಕುತ್ತಿಗೆ ಕೊಡಿ."

ಮೇಡಮ್ಮ ಎತ್ತಿದಳು. ಎರಡು ಹೆಜ್ಜೆ ಇಟ್ಟು ಓಲಾಡಿದಳು. ಅವಳ ಮುಖವನ್ನು ಗಾಲಿ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಪೌಡರಿನ ಮೇಲೆ ಬೆವರು ಗೆರೆ ಎಳೆಯುತ್ತಿತ್ತು, ಕಣ್ಣಲ್ಲಿ ನೀರಿತ್ತು.

"ಬೀಳಿಸಿದ್ರೆ ಭಾವ ನನ್ನ ಮನೆಯಿಂದ ಆಚೆ ಹಾಕ್ತಾನೆ ಕಣೇ," ಎಂದು ಅವಳು ಗಾಲಿಗೆ ಮಾತ್ರ ಕೇಳುವ ಹಾಗೆ ಉಸುರಿದಳು. "ಸಂಬಳದ ಮುಖಾನೂ ನಾನು ಕಂಡಿಲ್ಲ. ಕೂರು ಅಂದ, ಕೂತೆ."

ಇದು ಗಾಲಿ ಎಣಿಸಿರದ ಮಾತು. ಸಿಟ್ಟು ಒಂದು ಕ್ಷಣ ಕಾಲು ಜಾರಿತು. ಆದರೆ ಹೊಟ್ಟೆಯಲ್ಲಿದ್ದ ನೀರು ಯಾರ ಕಷ್ಟಸುಖವನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಹಂಗಾದ್ರೆ ಬೀಳಿಸ್ಬೇಡಿ," ಎಂದಳು. "ಬಿಗಿಯಾಗಿ ಹಿಡ್ಕೊಳ್ಳಿ. ಉಸಿರು ಹಿಡಿದು ನಡೀರಿ. ನಮ್ಮ ಅತ್ತಿಗೆ ಹಂಗೇ ಮಾಡೋದು."

"ಇವತ್ತೇ ಮೊದಲು ಎತ್ತಿದ ಹಾಗಿದೆಯಲ್ಲ," ಎಂದಳು ಅಧಿಕಾರಿ ಹಿಂದಿನಿಂದ. ಯಜಮಾನ ಅಹ್ಹಹ್ಹಾ ಎಂದು ನಕ್ಕ. ಅಧಿಕಾರಿಯೂ ನಕ್ಕಳು. ಕೈಗಡಿಯಾರ ನೋಡಿಕೊಂಡಳು. ಆ ನಗುವಿನಲ್ಲಿ ಅವಳಿಗೆ ಎಲ್ಲವೂ ಗೊತ್ತಾಗಿದೆ ಎಂಬುದೂ, ಗೊತ್ತಾದದ್ದನ್ನು ಇಲ್ಲೇ ಬಿಟ್ಟು ಹೋಗುತ್ತಾಳೆ ಎಂಬುದೂ ಗಾಲಿಗೆ ಬೆನ್ನ ಹಿಂದಿನಿಂದಲೇ ತಿಳಿಯಿತು.

ಮೇಡಮ್ಮ ಅವಳನ್ನು ಕೂರಿಸಿ, ಏದುಸಿರು ಬಿಡುತ್ತಾ ಹೊರಗೆ ಹೋದಳು. ಗಾಲಿ ಸರಳು ಹಿಡಿದು ಮುಂದೆ ಬಾಗಿ, ಬಾಗಿಲು ತಳ್ಳಿ, ಒಳಗಿನಿಂದ ಚಿಲಕ ಹಾಕಿದಳು.

*

ಮೊದಲು ಅವಳು ಅಳತೊಡಗಿದಳೋ ದೇಹ ಹಗುರಾಯಿತೋ, ಎರಡೂ ಒಟ್ಟಿಗೇ. ಯಾರೂ ಅಡ್ಡ ನಿಂತಿರಲಿಲ್ಲ, ಯಾರೂ "ಆಯ್ತಾ?" ಎನ್ನುತ್ತಿರಲಿಲ್ಲ, ಆಚೆ ಯಾರೂ ಬೀಡಿ ಸೇದುತ್ತಿರಲಿಲ್ಲ. ನಾಲ್ಕು ಗೋಡೆ, ಮೇಲೊಂದು ಸಣ್ಣ ಕಿಟಕಿ, ಅದರಲ್ಲಿ ಕೈಯಗಲದ ಆಕಾಶ. ಇಷ್ಟು ವಯಸ್ಸಾದರೂ ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ತಾನೊಬ್ಬಳೇ ಇದ್ದದ್ದು ಅವಳಿಗೆ ನೆನಪಿರಲಿಲ್ಲ. ಮೂಗೊರೆಸಿಕೊಂಡು, ಕಾಲುಗಳನ್ನು ಕೈಯಿಂದ ಎತ್ತಿ ನೇರವಾಗಿಟ್ಟು, ಆರಾಮಾಗಿ ಗೋಡೆಗೊರಗಿದಳು.

ಹೊರಗೆ "ತುಂಬಾ ಚೆನ್ನಾಗಿದೆ, ಹೀಗೇ ನಡೆಸಿಕೊಂಡು ಹೋಗಿ" ಎಂಬ ದನಿ ಕೇಳಿತು. ಕಾರು ಹೊರಟಿತು. ಆಮೇಲೆ ದಡದಡ ಹೆಜ್ಜೆ.

"ಏಯ್, ಬಾರೇ ಆಚೆ! ಮೂಟೆ ಒಳಗಿಡ್ಬೇಕು."

"ಇನ್ನೂ ಆಗಿಲ್ಲ ಯಜಮಾನ್ರೇ."

"ಆಗಿಲ್ಲ ಅಂದ್ರೆ? ಅದೇನು ಕೆರೆ ಖಾಲಿ ಮಾಡ್ತಿದೀಯಾ?"

"ತುಂಬಾ ವರ್ಷದ್ದು. ಟೈಮು ಬೇಕು."

ಹೊರಗೆ ಕೆಲಸದವರು ಕಿಸಕ್ಕೆಂದರು. ಯಜಮಾನ ಬಾಗಿಲಿಗೆ ಒದ್ದ. "ಲೇ, ನಾಳೆಯಿಂದ ಕೆಲಸ ಇಲ್ಲ ನಿಂಗೆ. ಊರಲ್ಲಿ ಕಾಲಿಲ್ಲದೋಳು ನೀನೊಬ್ಬಳೇ ಅಂದ್ಕೊಂಡಿದೀಯಾ? ಬೀದಿಗೆ ಹತ್ತು ಸಿಗ್ತಾವೆ ಬೋಳಿಮಗಳೇ. ಸರ್ಕಾರಕ್ಕೆ ತಲೆ ಲೆಕ್ಕ ಸಾಕು."

ಅದು ನಿಜವಿರಬಹುದು ಎಂದು ಗಾಲಿ ಯೋಚಿಸಿದಳು. ಬೀದಿಗೆ ಹತ್ತು ಸಿಗಬಹುದು. ಅವರಿಗೂ ಬಾಯಾರಿಕೆ ಇರುತ್ತದೆ. ನಾಳೆ ಅತ್ತಿಗೆಗೆ ಏನು ಹೇಳುವುದು ಎಂಬುದೂ ಹಾದುಹೋಯಿತು. ಆಗಲೇ ಬಾಗಿಲಾಚೆ ಬೇರೊಂದು ದನಿ ಕೇಳಿತು, ನಿಧಾನವಾಗಿ, ಮರ್ಯಾದೆಯಿಂದ.

"ಯಜಮಾನ್ರೇ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಅವಳಾದ್ಮೇಲೆ ನಂದು."

"ನಿಂಗೇನಾಗಿದೆಯೋ ಕುರುಡ? ಕಾಲಿದೆಯಲ್ಲ, ಹಿತ್ತಿಲಿಗೆ ಹೋಗು."

"ಮೆಟ್ಟಿಲು ಕಾಣಲ್ಲ," ಎಂದ ಹಾಡು ಮಾವ. "ಮೇಡಮ್ಮಾ, ಎಲ್ಲಿದೀರಿ? ಕೈ ಹಿಡ್ಕೊಳ್ಳಿ."

ಅವನ ಹಿಂದೆ ಊರುಗೋಲೊಂದು ಬಂದು ನಿಂತಿತು. ಇನ್ನೊಂದು. ತಗಡಿನ ಬಕೆಟ್ಟೊಂದು ನೆಲಕ್ಕೆ ಕುಕ್ಕಿದ ಸದ್ದಿಗೆ ಶೆಡ್ಡೇ ನಡುಗಿತು; ಗಲಾಟೆಯೂ ಸಾಲಿಗೆ ಬಂದಿದ್ದಳು. ಒಗೆಯುವ ಯಂತ್ರಗಳು ಒಂದೊಂದಾಗಿ ಸುತ್ತು ಮುಗಿಸಿ ನಿಂತವು. ಅವನ್ನು ಮತ್ತೆ ಚಾಲೂ ಮಾಡಲು ಯಾರೂ ಹೋಗಲಿಲ್ಲ.

ಯಜಮಾನ ಈಗ ಹೆಗಲು ಕೊಟ್ಟು ಬಾಗಿಲು ನೂಕತೊಡಗಿದ. ಚಿಲಕದ ಒಂದು ತಿರುಪು ಸಡಿಲಾಗಿ, ಪ್ರತಿ ಏಟಿಗೂ ಕೊಂಚ ಕೊಂಚ ಹೊರಗೆ ಬರುತ್ತಿತ್ತು. ಗಾಲಿ ಅದನ್ನು ನೋಡಿದಳು. ನಲ್ಲಿಯನ್ನು ಪೂರ್ತಿ ತಿರುಗಿಸಿ, ಬೊಗಸೆಯೊಡ್ಡಿ, ಬಗ್ಗಿ ಕುಡಿಯತೊಡಗಿದಳು.